ಕಬ್ಬು ಕಡಿದ ಗಳಿಗೆಯಿಂದ: ಸಕ್ಕರೆ ಉದ್ಯಮದಲ್ಲಿ ಪೋಲು ತಗ್ಗಿಸುವ ತಂತ್ರಜ್ಞಾನ

ಸಕ್ಕರೆ ತಯಾರಾಗುವುದು ಹೊಲದಲ್ಲಿ. ಅದನ್ನು ಕಬ್ಬಿನಿಂದ ಬೇರ್ಪಡಿಸುವುದಷ್ಟೇ ಕಾರ್ಖಾನೆಯ ಕೆಲಸ. ಬಿಸಿಲು, ನೀರು, ಗೊಬ್ಬರಗಳ ಬಲದಿಂದ ವರ್ಷವಿಡೀ ಜಲ್ಲೆಯಲ್ಲಿ ಕೂಡಿದ ಸಕ್ಕರೆಗೆ ಯಾವ ಯಂತ್ರವೂ ಒಂದು ಹರಳನ್ನು ಹೆಚ್ಚಿಗೆ ಸೇರಿಸಲಾರದು. ಕಬ್ಬು ಕಡಿದ ಗಳಿಗೆಯಿಂದ ಚೀಲಕ್ಕೆ ಹೊಲಿಗೆ ಬೀಳುವವರೆಗೆ ನಡೆಯುವುದೆಲ್ಲ ಕಳೆಯುವ ಲೆಕ್ಕವೇ. ಹೀಗಾಗಿ ಈ ಉದ್ಯಮದಲ್ಲಿ ಲಾಭವೆಂದರೆ ಬಹುಪಾಲು ಪೋಲಾಗದೆ ಉಳಿದದ್ದು. ಕೆಲಸದ ಕ್ರಮವನ್ನು ಸುಧಾರಿಸಿ, ತಂತ್ರಜ್ಞಾನದ ನೆರವಿನಿಂದ ಪೋಲು ತಗ್ಗಿಸುವ ಬಗೆಯನ್ನು ಅರಿಯಲು ಸಕ್ಕರೆ ಕಾರ್ಖಾನೆಗಿಂತ ತಕ್ಕ ಉದಾಹರಣೆ ಬೆಳಗಾವಿ ಜಿಲ್ಲೆಯ ಮಲಪ್ರಭಾ ನದಿ ಸೀಮೆಯಲ್ಲಿ ಸಿಗುವುದು ಕಷ್ಟ.

ಪೋಲಿನ ಏಳು ಬಗೆ

ಪೋಲು ಎಂದೊಡನೆ ಚೆಲ್ಲಿದ ರಸ, ಹರಿದ ಚೀಲ, ಸೋರುವ ಕೊಳವೆ ನೆನಪಾಗುತ್ತವೆ. ಕಣ್ಣಿಗೆ ಕಾಣುವ ಈ ಪೋಲು ಒಟ್ಟು ಪೋಲಿನ ಸಣ್ಣ ಭಾಗ. ಜಪಾನಿನ ಟೊಯೋಟಾ ಕಂಪನಿಯ ಎಂಜಿನಿಯರ್ ತೈಚಿ ಓಹ್ನೊ ಎರಡನೇ ಮಹಾಯುದ್ಧದ ನಂತರ ರೂಪಿಸಿದ ಉತ್ಪಾದನಾ ಪದ್ಧತಿಯಲ್ಲಿ ಪೋಲನ್ನು ಏಳು ಬಗೆಯಾಗಿ ವಿಂಗಡಿಸಿದರು: ಬೇಕಾದುದಕ್ಕಿಂತ ಹೆಚ್ಚಿನ ಉತ್ಪಾದನೆ, ಕಾಯುವಿಕೆ, ಅನಗತ್ಯ ಸಾಗಣೆ, ಬೇಡದ ಸಂಸ್ಕರಣೆ, ಅತಿಯಾದ ದಾಸ್ತಾನು, ಕೆಲಸಗಾರರ ಅನಗತ್ಯ ಓಡಾಟ ಮತ್ತು ದೋಷಯುಕ್ತ ಸರಕು.

ಮೋಟಾರು ಕಾರಿನ ಕಾರ್ಖಾನೆಯಲ್ಲಿ ಹುಟ್ಟಿದ ಈ ಪಟ್ಟಿ ಸಕ್ಕರೆಗೂ ಒಪ್ಪುತ್ತದೆ. ನಾಳೆ ನುರಿಯಬೇಕಾದ ಕಬ್ಬನ್ನು ಇಂದೇ ಕಡಿಯುವುದು ಹೆಚ್ಚಿನ ಉತ್ಪಾದನೆ. ಕಾರ್ಖಾನೆಯ ಗೇಟಿನ ಹೊರಗೆ ಸಾಲುಗಟ್ಟಿ ನಿಂತ ಟ್ರ್ಯಾಕ್ಟರುಗಳು ಕಾಯುವಿಕೆ. ಜಲ್ಲೆಯ ಜೊತೆಗೆ ರವದಿ, ಮಣ್ಣು, ಬೇರು ಹೇರಿ ತರುವುದು ಅನಗತ್ಯ ಸಾಗಣೆ. ಬಣ್ಣ ಕೆಟ್ಟ ಸಕ್ಕರೆ ದೋಷಯುಕ್ತ ಸರಕು. ಅದನ್ನು ಕರಗಿಸಿ ಮತ್ತೆ ಕುದಿಸುವುದು ಎರಡನೆಯ ಸಲದ ಸಂಸ್ಕರಣೆ. ಮಾಪಕದ ಅಂಕಿ ಓದಲು ಕೆಲಸಗಾರ ದಿನವಿಡೀ ಮಹಡಿ ಹತ್ತಿ ಇಳಿಯುವುದು ಅನಗತ್ಯ ಓಡಾಟ.

ಈ ಪಟ್ಟಿ ಕಲಿಸುವ ಮುಖ್ಯ ಪಾಠವೆಂದರೆ, ಪೋಲಿನ ದೊಡ್ಡ ಪಾಲು ಯಂತ್ರದ ಹೊಟ್ಟೆಯೊಳಗೆ ಇರುವುದಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಸಂದಿಯಲ್ಲಿರುತ್ತದೆ. ಹೊಲ ಮತ್ತು ಗಾಡಿ, ಗಾಡಿ ಮತ್ತು ಕಾಟಾ, ಗಿರಣಿ ಮತ್ತು ಬಾಯ್ಲರ್, ಪ್ರಯೋಗಾಲಯ ಮತ್ತು ಯಂತ್ರ ನಡೆಸುವವರು, ಈ ಜೋಡಿಗಳ ನಡುವೆ ಸುದ್ದಿ ತಡವಾದಲ್ಲೆಲ್ಲ ಸಕ್ಕರೆ ಕಳೆದುಹೋಗುತ್ತದೆ. ತಂತ್ರಜ್ಞಾನದ ಮೊದಲ ಉಪಯೋಗವೂ ಅಲ್ಲಿಯೇ.

ಮುನವಳ್ಳಿಯ ಕಾರ್ಖಾನೆ

ಬೆಳಗಾವಿ ಜಿಲ್ಲೆ ಸವದತ್ತಿ ತಾಲ್ಲೂಕಿನ ಮುನವಳ್ಳಿ, ನವಿಲುತೀರ್ಥ ಅಣೆಕಟ್ಟಿಗೆ ಸಮೀಪದಲ್ಲಿರುವ ಮಲಪ್ರಭಾ ದಂಡೆಯ ಊರು. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ನದಿಗೆ ಇಲ್ಲಿ ಕಟ್ಟಿದ ಜಲಾಶಯ, ಹತ್ತಿ ಜೋಳಗಳ ಸೀಮೆಯಲ್ಲಿ ಕಬ್ಬು ಹರಡಲು ದಾರಿ ಮಾಡಿತು. ಕಬ್ಬನ್ನು ಹಿಂಬಾಲಿಸಿ ಕಾರ್ಖಾನೆಗಳು ಬಂದವು: ಕಿತ್ತೂರು ಭಾಗದ ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭಾ ಸಹಕಾರಿ ಸಕ್ಕರೆ ಕಾರ್ಖಾನೆ, ಬೈಲಹೊಂಗಲ ತಾಲ್ಲೂಕಿನಲ್ಲಿ ಸೋಮೇಶ್ವರ ಸಹಕಾರಿ ಕಾರ್ಖಾನೆ, ಮುನವಳ್ಳಿಯಲ್ಲಿ ಶ್ರೀ ರೇಣುಕಾ ಶುಗರ್ಸ್.

ಬೆಳಗಾವಿಯ ವಿದ್ಯಾ ಮುರಕುಂಬಿ ಮತ್ತು ಅವರ ಮಗ ನರೇಂದ್ರ ಮುರಕುಂಬಿ 1990ರ ದಶಕದ ಕೊನೆಯಲ್ಲಿ ಕಟ್ಟಿದ ರೇಣುಕಾ ಶುಗರ್ಸ್‌ಗೆ ಮುನವಳ್ಳಿಯದೇ ಮೊದಲ ಘಟಕ. ಅದರ ಯಂತ್ರಗಳು ಹೊಸದಾಗಿ ಮಾಡಿಸಿದವಲ್ಲ. ಆಂಧ್ರಪ್ರದೇಶದ ಹಿಂದೂಪುರದಲ್ಲಿ ನಷ್ಟ ಅನುಭವಿಸುತ್ತಿದ್ದ, ಸರ್ಕಾರಿ ಒಡೆತನದ ನಿಜಾಂ ಶುಗರ್ಸ್ ಘಟಕವನ್ನು ಕೊಂಡು, ಬಿಚ್ಚಿ ತಂದು, ಮುನವಳ್ಳಿಯಲ್ಲಿ ಮರಳಿ ಜೋಡಿಸಲಾಯಿತು. ಸುತ್ತಲಿನ ಕಬ್ಬು ಬೆಳೆಗಾರರೂ ಷೇರು ಹಣ ಹಾಕಿದರು. ಕಂಪನಿ 2005ರಲ್ಲಿ ಷೇರುಪೇಟೆಗೆ ಬಂದಿತು. 2018ರಲ್ಲಿ ಸಿಂಗಪುರದ ವಿಲ್ಮಾರ್ ಸಂಸ್ಥೆಯ ಅಧೀನಕ್ಕೆ ಹೋಯಿತು. ಇಂದು ಮುನವಳ್ಳಿಯಲ್ಲಿ ಸಕ್ಕರೆಯ ಜೊತೆಗೆ ವಿದ್ಯುತ್ತು ಮತ್ತು ಎಥೆನಾಲ್ ಕೂಡ ತಯಾರಾಗುತ್ತವೆ.

ಬಂಡವಾಳದ ಪೋಲನ್ನು ತಪ್ಪಿಸಿದ ಒಂದು ಬಗೆ ಇದು. ನಿಂತುಹೋಗಲಿದ್ದ ಗಿರಣಿ ಗುಜರಿ ಸೇರದೆ ಕಬ್ಬಿರುವ ನೆಲಕ್ಕೆ ಬಂದು ದುಡಿಯಿತು. ಆದರೆ ಬೇರೆ ನೆಲದ ಯಂತ್ರವನ್ನು ತಂದು ನಿಲ್ಲಿಸಿದ ಮಾತ್ರಕ್ಕೆ ಉದ್ಯಮ ನಡೆಯುವುದಿಲ್ಲ. ಕಬ್ಬು ಎಷ್ಟು ಹೊತ್ತಿಗೆ, ಯಾವ ಹದದಲ್ಲಿ ಗಿರಣಿಗೆ ಬೀಳುತ್ತದೆ ಎಂಬುದೇ ಉಳಿದೆಲ್ಲವನ್ನೂ ನಿರ್ಧರಿಸುತ್ತದೆ.

ಹೊಲದಿಂದ ಗೇಟಿನವರೆಗೆ

ಕಡಿದ ಕಬ್ಬು ನಿರ್ಜೀವ ಸರಕಲ್ಲ. ಬೇರಿನಿಂದ ಬೇರ್ಪಟ್ಟ ಮೇಲೂ ಜಲ್ಲೆಯೊಳಗಿನ ಕಿಣ್ವಗಳು ಕೆಲಸ ಮಾಡುತ್ತಲೇ ಇರುತ್ತವೆ; ಹರಳಾಗುವ ಸುಕ್ರೋಸನ್ನು ಹರಳಾಗದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತವೆ. ಕಡಿದ ಬಾಯಿಂದ ಒಳಹೊಕ್ಕ ಬ್ಯಾಕ್ಟೀರಿಯಾ ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಅಂಟು ಪದಾರ್ಥವಾಗಿ ಮಾರ್ಪಡಿಸುತ್ತದೆ. ಡೆಕ್ಸ್‌ಟ್ರಾನ್ ಹೆಚ್ಚಾದ ರಸ ಸಲೀಸಾಗಿ ಸೋಸುವುದಿಲ್ಲ, ಅದರ ಹರಳು ಸೂಜಿಯಂತೆ ಉದ್ದವಾಗುತ್ತದೆ, ಕಾಕಂಬಿಯಿಂದ ಸುಲಭವಾಗಿ ಬೇರ್ಪಡುವುದಿಲ್ಲ. ರವದಿಗೆ ಬೆಂಕಿ ಹಚ್ಚಿ ಕಡಿದ ಕಬ್ಬು ಇನ್ನೂ ಬೇಗ ಕೆಡುತ್ತದೆ. ಕಡಿದ 24 ಗಂಟೆಯೊಳಗೆ ನುರಿಯಬೇಕೆಂಬ ಸಲಹೆಗೆ ಕಾರಣ ಇದೇ. ತಡವಾದಷ್ಟೂ ಕಬ್ಬು ಒಣಗಿ ರೈತನಿಗೆ ತೂಕದಲ್ಲಿ ನಷ್ಟ. ರಸ ಕೆಟ್ಟು ಕಾರ್ಖಾನೆಗೆ ಸಕ್ಕರೆಯಲ್ಲಿ ನಷ್ಟ.

ಹಳೆಯ ಕ್ರಮದಲ್ಲಿ ಲಾವಣಿಯ ದಿನಾಂಕ ನೋಡಿ ಕಟಾವು ಚೀಟಿ ಕೊಡಲಾಗುತ್ತಿತ್ತು. ದಿನಾಂಕ ವಯಸ್ಸನ್ನು ಹೇಳುತ್ತದೆ, ಹದವನ್ನು ಹೇಳುವುದಿಲ್ಲ. ತಳಿ, ನೆಲ, ನೀರು ಬದಲಾದಂತೆ ಹದವೂ ಬದಲಾಗುತ್ತದೆ. ಲಾವಣಿ ಕಬ್ಬಿಗಿಂತ ಕುಳೆ ಕಬ್ಬು ಬೇಗ ಮಾಗುತ್ತದೆ. ಅಂಗೈಯಲ್ಲಿ ಹಿಡಿಯುವ ವಕ್ರೀಭವನ ಮಾಪಕದಿಂದ ಜಲ್ಲೆಯ ತಲೆ ಮತ್ತು ಬುಡದ ರಸದ ಬ್ರಿಕ್ಸ್ (ಕರಗಿದ ಘನಾಂಶದ ಶೇಕಡಾ ಪ್ರಮಾಣ) ಅಳೆದು, ಎರಡೂ ಸಮೀಪಿಸಿದಾಗ ಕಬ್ಬು ಮಾಗಿತೆಂದು ತಿಳಿಯುವುದು ಸರಳ ವಿಧಾನ. ಕ್ಷೇತ್ರ ಸಹಾಯಕರು ಹೊಲದ ಗಡಿಯನ್ನು ಜಿಪಿಎಸ್‌ನಲ್ಲಿ ಗುರುತಿಸಿ, ಬ್ರಿಕ್ಸ್ ಅಂಕಿಯನ್ನು ಮೊಬೈಲಿನಲ್ಲಿ ಅಲ್ಲಿಯೇ ದಾಖಲಿಸಿದರೆ, ಯಾವ ಹೊಲಕ್ಕೆ ಮೊದಲು ಕಟಾವು ಎಂಬುದನ್ನು ಶಿಫಾರಸಿನ ಬದಲು ಹದ ನಿರ್ಧರಿಸುತ್ತದೆ. ಉಪಗ್ರಹದ ಚಿತ್ರಗಳಿಂದ ಕಬ್ಬಿನ ವಿಸ್ತೀರ್ಣ ಅಂದಾಜಿಸುವ ಪದ್ಧತಿಯನ್ನು ದೇಶದ ಸಕ್ಕರೆ ಕಾರ್ಖಾನೆಗಳ ಸಂಘ ವರ್ಷಗಳಿಂದ ಬಳಸುತ್ತಿದೆ.

ಮುಂದಿನದು ಕಟಾವು ಗ್ಯಾಂಗ್ ಮತ್ತು ಗಾಡಿಗಳ ಹೊಂದಾಣಿಕೆ. ಉದಾಹರಣೆಗೆ ದಿನಕ್ಕೆ 5,000 ಟನ್ ನುರಿಸುವ ಕಾರ್ಖಾನೆಗೆ ಗಂಟೆಗೆ ಸುಮಾರು 208 ಟನ್ ಕಬ್ಬು ಬೇಕು. ಮುಂಜಾನೆ ಕಡಿದದ್ದೆಲ್ಲ ಸಂಜೆ ಒಟ್ಟಿಗೆ ಬಂದರೆ ಅಂಗಳದಲ್ಲಿ ಸಾಲು ಬೆಳೆಯುತ್ತದೆ. ನಸುಕಿಗೆ ಕಬ್ಬಿಲ್ಲದೆ ಗಿರಣಿ ನಿಲ್ಲುತ್ತದೆ. ಒಂದೇ ದಿನದಲ್ಲಿ ಗಾಡಿ ಗಿರಣಿಗಾಗಿ ಕಾಯುವುದೂ ಗಿರಣಿ ಗಾಡಿಗಾಗಿ ಕಾಯುವುದೂ ನಡೆಯುತ್ತದೆ. ಗಾಡಿಗೆ ಜಿಪಿಎಸ್, ಅಂಗಳಕ್ಕೆ ಟೋಕನ್, ರೈತನ ಮೊಬೈಲಿಗೆ ಸರದಿಯ ಸಂದೇಶ, ಇವು ಮೂರೂ ಒಂದೇ ದತ್ತಾಂಶಕ್ಕೆ ಜೋಡಣೆಯಾದಾಗ ಅಂಗಳ ತುಂಬುವ ಮೊದಲೇ ಕಟಾವನ್ನು ನಿಧಾನಿಸಬಹುದು. ಗಿರಣಿ ಕೆಟ್ಟು ನಿಂತ ಸುದ್ದಿ ಹೊಲಕ್ಕೆ ಹತ್ತು ನಿಮಿಷದಲ್ಲಿ ತಲುಪಿದರೆ ಅಷ್ಟು ಜಲ್ಲೆ ಬೇರಿನ ಮೇಲೆಯೇ ಉಳಿಯುತ್ತದೆ. ಬೇರಿನ ಮೇಲಿನ ಕಬ್ಬು ಕೆಲವು ದಿನ ತಡೆಯುತ್ತದೆ, ಕಡಿದ ಕಬ್ಬು ತಡೆಯುವುದಿಲ್ಲ.

ಕಟಾವು ಯಂತ್ರದ ವಿಷಯದಲ್ಲಿ ಎಚ್ಚರ ಬೇಕು. ಕೂಲಿಕಾರರ ಕೊರತೆಗೆ ಅದು ಪರಿಹಾರವಾಗುತ್ತದೆ, ರವದಿಯನ್ನು ಹೊಲದಲ್ಲೇ ಹರಡಿ ಮಣ್ಣಿಗೆ ಮುಚ್ಚಿಗೆಯಾಗಿಸುತ್ತದೆ. ಆದರೆ ಅದು ಜಲ್ಲೆಯನ್ನು ತುಂಡು ತುಂಡಾಗಿ ಕಡಿಯುವುದರಿಂದ ಕೆಡುವ ಬಾಯಿಗಳು ಹೆಚ್ಚು. ಕಬ್ಬಿನೊಂದಿಗೆ ಬರುವ ಕಸವೂ ಹೆಚ್ಚು. ದನಗಳಿಗೆ ಮೇವಾಗುತ್ತಿದ್ದ ವಾಡೆಯೂ (ಕಬ್ಬಿನ ತುದಿಯ ಹಸಿರು ಗರಿ) ಹಿಂದಿನಂತೆ ಕೈಗೆ ಸಿಗುವುದಿಲ್ಲ. ಸಾಗಣೆಯ ಸಮಯ ಕಡಿಮೆ ಮಾಡದೆ ಕಟಾವು ಯಂತ್ರವನ್ನಷ್ಟೇ ತಂದರೆ ಒಂದು ಕಡೆ ಉಳಿದದ್ದು ಇನ್ನೊಂದು ಕಡೆ ಹೋಗುತ್ತದೆ.

ಗಿರಣಿಯೊಳಗೆ

ನೂರು ಟನ್ ಕಬ್ಬಿನಲ್ಲಿ ಸುಮಾರು 70 ಟನ್ ನೀರೇ. ನುರಿಸಿದಾಗ 28ರಿಂದ 30 ಟನ್ ಒದ್ದೆ ಬಗ್ಯಾಸ್ (ರಸ ತೆಗೆದ ಸಿಪ್ಪೆ), 3ರಿಂದ 4 ಟನ್ ರಸ ಸೋಸಿ ಉಳಿದ ಮಡ್ಡಿ, ಅಂದರೆ ಪ್ರೆಸ್‌ಮಡ್, 4 ಟನ್ನಿನಷ್ಟು ಕಾಕಂಬಿ ಮತ್ತು 10 ಟನ್ ಆಸುಪಾಸಿನಲ್ಲಿ ಸಕ್ಕರೆ ಸಿಗುತ್ತದೆ. ಕಬ್ಬಿನಲ್ಲಿದ್ದ ಸಕ್ಕರೆಯಲ್ಲಿ ಸ್ವಲ್ಪ ಭಾಗ ಬಗ್ಯಾಸ್, ಪ್ರೆಸ್‌ಮಡ್, ಕಾಕಂಬಿಗಳಲ್ಲಿ ಉಳಿದುಹೋಗುತ್ತದೆ; ಅತಿ ದೊಡ್ಡ ನಷ್ಟ ಕಾಕಂಬಿಯಲ್ಲಿ, ಅದರ ನಂತರದ್ದು ಬಗ್ಯಾಸಿನಲ್ಲಿ. ಲೆಕ್ಕಕ್ಕೆ ಸಿಗದ ಇನ್ನೊಂದು ಪಾಲನ್ನು ‘ಗೊತ್ತಾಗದ ನಷ್ಟ’ ಎಂದು ಬರೆಯಲಾಗುತ್ತದೆ. ರಸದ ಸೋರಿಕೆ, ಹುಳಿಯುವಿಕೆ, ಆವಿಯೊಂದಿಗೆ ಹಾರಿಹೋಗುವ ರಸಕಣ, ಅಳತೆಯ ತಪ್ಪು, ಎಲ್ಲವೂ ಇಲ್ಲಿ ಸೇರುತ್ತವೆ. ಸುಧಾರಣೆ ಆರಂಭವಾಗಬೇಕಾದ ಜಾಗ ಇದು. ಹೆಸರಿಲ್ಲದ ನಷ್ಟಕ್ಕೆ ಹೊಣೆಗಾರರೂ ಇರುವುದಿಲ್ಲ.

ಸಣ್ಣ ಅಂಕಿಯ ಬೆಲೆ ಇಲ್ಲಿ ದೊಡ್ಡದು. ಒಂದು ಹಂಗಾಮಿನಲ್ಲಿ 5 ಲಕ್ಷ ಟನ್ ಕಬ್ಬು ನುರಿಸುವ ಕಾರ್ಖಾನೆಯ ರಿಕವರಿ (ಕಬ್ಬಿನ ತೂಕದಲ್ಲಿ ಕೈಗೆ ಸಿಗುವ ಸಕ್ಕರೆಯ ಪಾಲು) ಶೇ. 10.0ರಿಂದ 10.1ಕ್ಕೆ ಏರಿದರೆ 500 ಟನ್ ಸಕ್ಕರೆ, ಅಂದರೆ 50 ಕಿಲೋದ 10,000 ಚೀಲ ಹೆಚ್ಚಿಗೆ ಸಿಗುತ್ತದೆ. ಅದಕ್ಕಾಗಿ ಒಂದು ಜಲ್ಲೆಯನ್ನೂ ಹೆಚ್ಚು ಕಡಿಯಬೇಕಿಲ್ಲ.

ಕೊನೆಯ ಗಿರಣಿಗೆ ಹೋಗುವ ಬಗ್ಯಾಸಿನ ಮೇಲೆ ಬಿಸಿನೀರು ಚಿಮುಕಿಸುವ ಕ್ರಮ, ಒಂದು ವಿಭಾಗದ ಸುಧಾರಣೆ ಇನ್ನೊಂದು ವಿಭಾಗದ ಹೊರೆಯಾಗುವುದನ್ನು ಚೆನ್ನಾಗಿ ತೋರಿಸುತ್ತದೆ. ನೀರು ಹೆಚ್ಚಾದಷ್ಟೂ ಬಗ್ಯಾಸಿನಿಂದ ಸಕ್ಕರೆ ಹೆಚ್ಚು ತೊಳೆದು ಬರುತ್ತದೆ, ಗಿರಣಿ ವಿಭಾಗದ ಅಂಕಿ ಸುಧಾರಿಸುತ್ತದೆ. ಆದರೆ ಹಾಕಿದ ಪ್ರತಿ ಲೀಟರ್ ನೀರನ್ನೂ ಮುಂದೆ ಆವಿ ಮಾಡಲೇಬೇಕು. ಬಾಯ್ಲರಿನ ಬಗ್ಯಾಸ್ ಖರ್ಚಾಗುತ್ತದೆ, ಮಾರಬಹುದಾಗಿದ್ದ ವಿದ್ಯುತ್ತು ಕಡಿಮೆಯಾಗುತ್ತದೆ. ಎರಡರ ನಡುವಿನ ಸರಿಯಾದ ಬಿಂದು ಕಬ್ಬಿನ ನಾರಿನಂಶ ಬದಲಾದಂತೆ ಬದಲಾಗುತ್ತದೆ. ಹರಿವಿನ ಮಾಪಕ, ಬಗ್ಯಾಸಿನ ತೇವ ಮತ್ತು ಸಕ್ಕರೆ ಅಂಶ, ಆವಿಯ ಬಳಕೆ, ಇವೆಲ್ಲವನ್ನೂ ಒಂದೇ ಪರದೆಯ ಮೇಲೆ ತರುವ ಗಣಕ ನಿಯಂತ್ರಣ ವ್ಯವಸ್ಥೆ ಇಲ್ಲಿ ನಿಜವಾಗಿ ಉಪಯುಕ್ತ.

ನಿಲುಗಡೆ ಇನ್ನೊಂದು ದೊಡ್ಡ ಪೋಲು. ಗಿರಣಿ ನಿಂತರೆ ದಾರಿಯಲ್ಲಿದ್ದ ರಸ ಹುಳಿಯುತ್ತದೆ, ಮತ್ತೆ ಹೊರಡಲು ಆವಿ ವ್ಯರ್ಥವಾಗುತ್ತದೆ. ಯಾಂತ್ರಿಕ, ವಿದ್ಯುತ್, ಕಬ್ಬಿಲ್ಲ, ಸ್ವಚ್ಛತೆ ಎಂದು ಕಾರಣವಾರು ನಿಲುಗಡೆಯ ದಾಖಲೆ ಇಡುವುದು ಕಾರ್ಖಾನೆಗಳ ಹಳೆಯ ರೂಢಿ. ಆ ದಾಖಲೆಯನ್ನು ಗಣಕದಲ್ಲಿ ವಿಂಗಡಿಸಿದಾಗ ಕೆಲವೇ ಕಾರಣಗಳು ಬಹುಪಾಲು ಗಂಟೆಗಳನ್ನು ನುಂಗುತ್ತಿರುವುದು ಸಾಮಾನ್ಯವಾಗಿ ಕಾಣುತ್ತದೆ. ಬೇರಿಂಗಿನ ಕಂಪನ ಮತ್ತು ಬಿಸಿಯನ್ನು ಸಂವೇದಕದಿಂದ ನಿರಂತರ ಅಳೆದರೆ ಮುರಿಯುವ ಮೊದಲೇ ಬದಲಾಯಿಸಬಹುದು. ಹಂಗಾಮಿನ ನಡುವೆ ಆಗಬೇಕಿದ್ದ ರಿಪೇರಿ ಯೋಜಿತ ಸ್ವಚ್ಛತೆಯ ದಿನಕ್ಕೆ ಸರಿಯುತ್ತದೆ.

ಆವಿ, ನೀರು, ವಿದ್ಯುತ್ತು

ಸಕ್ಕರೆ ಉದ್ಯಮದ ಅತಿ ದೊಡ್ಡ ಉಳಿತಾಯದ ಶೋಧ ಗಣಕಯುಗಕ್ಕಿಂತ ಬಹು ಹಿಂದಿನದು. ಅಮೆರಿಕದ ಲೂಸಿಯಾನಾದಲ್ಲಿ ಹುಟ್ಟಿದ ನಾರ್ಬರ್ಟ್ ರಿಲಿಯು ಎಂಬ ಎಂಜಿನಿಯರ್ 1843ರಲ್ಲಿ ಬಹುಹಂತದ ಬಾಷ್ಪೀಕರಣಕ್ಕೆ ಪೇಟೆಂಟ್ ಪಡೆದರು. ಒಂದು ಪಾತ್ರೆಯ ರಸದಿಂದ ಎದ್ದ ಆವಿಯಿಂದಲೇ, ಒತ್ತಡ ಕಡಿಮೆ ಇರುವ ಮುಂದಿನ ಪಾತ್ರೆಯ ರಸವನ್ನು ಕುದಿಸುವುದು ಅವರ ಉಪಾಯ. 100 ಕಿಲೋ ರಸದಲ್ಲಿ 15 ಬ್ರಿಕ್ಸ್ ಇದ್ದು ಅದನ್ನು 60 ಬ್ರಿಕ್ಸ್‌ಗೆ ಏರಿಸಬೇಕಾದರೆ 75 ಕಿಲೋ ನೀರು ಹೋಗಬೇಕು. ಒಂದೇ ಪಾತ್ರೆಯಲ್ಲಾದರೆ ಅದಕ್ಕೆ ಸುಮಾರು 75 ಕಿಲೋ ಆವಿ ಬೇಕು. ನಾಲ್ಕು ಹಂತಗಳಲ್ಲಾದರೆ ತಾತ್ವಿಕವಾಗಿ ಅದರ ಕಾಲುಭಾಗ ಸಾಕು. ಹೊಸ ಕಾರ್ಖಾನೆಗಳು ಐದು ಹಂತಗಳವರೆಗೂ ಹೋಗುತ್ತವೆ. ನಡುವಿನ ಹಂತಗಳ ಆವಿಯನ್ನು ರಸ ಕಾಯಿಸಲು, ಪಾಕ ಹರಳುಗಟ್ಟಿಸುವ ಪ್ಯಾನುಗಳಿಗೆ ಬಳಸುತ್ತವೆ.

ಹೀಗೆ ಉಳಿದ ಆವಿಯೇ ವಿದ್ಯುತ್ತಾಗುತ್ತದೆ. ಹಿಂದೆ ಬಗ್ಯಾಸ್ ಬೇಡದ ರಾಶಿಯಾಗಿತ್ತು. ಅದನ್ನು ಹೇಗಾದರೂ ಸುಟ್ಟು ಮುಗಿಸುವಂತೆ ಕಡಿಮೆ ಒತ್ತಡದ ಬಾಯ್ಲರುಗಳನ್ನು ಕಟ್ಟಲಾಗುತ್ತಿತ್ತು. ಹೆಚ್ಚಿನ ಒತ್ತಡದ ಬಾಯ್ಲರು, ವಿದ್ಯುತ್ ಜಾಲಕ್ಕೆ ಮಾರುವ ಅವಕಾಶ ಬಂದ ಮೇಲೆ ಅದೇ ಬಗ್ಯಾಸ್ ಇಂಧನವಾಯಿತು. ಗಿರಣಿ ತಿರುಗಿಸುತ್ತಿದ್ದ ಸಣ್ಣ ಆವಿ ಟರ್ಬೈನುಗಳ ಬದಲು ವಿದ್ಯುತ್ ಮೋಟಾರು, ಪಂಪು ಮತ್ತು ಫ್ಯಾನುಗಳಿಗೆ ವೇಗ ಬದಲಿಸುವ ಡ್ರೈವು, ಬಗ್ಯಾಸಿನ ತೇವ ತಗ್ಗಿಸುವ ಕ್ರಮ, ಪ್ರತಿಯೊಂದೂ ಮಾರಾಟಕ್ಕೆ ಉಳಿಯುವ ವಿದ್ಯುತ್ತನ್ನು ಹೆಚ್ಚಿಸುತ್ತದೆ.

ನೀರಿನ ಲೆಕ್ಕ ಮಲಪ್ರಭಾ ಸೀಮೆಗೆ ಇನ್ನೂ ಹತ್ತಿರದ್ದು. ನವಿಲುತೀರ್ಥದ ಜಲಾಶಯ ಹೊಲಗಳ ಜೊತೆಗೆ ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರನ್ನೂ ಕೊಡುತ್ತದೆ. 5,000 ಟನ್ ಕಬ್ಬಿನೊಂದಿಗೆ ಸುಮಾರು 3,500 ಟನ್ ನೀರು ತಾನಾಗಿ ಕಾರ್ಖಾನೆಗೆ ಬರುತ್ತದೆ. ಬಾಷ್ಪೀಕರಣದಲ್ಲಿ ಎದ್ದ ಆವಿಯನ್ನು ತಣಿಸಿ ಹಿಡಿದು, ಶುದ್ಧೀಕರಿಸಿ, ಗಿರಣಿಗೂ ತಂಪುಗೋಪುರಕ್ಕೂ ಮರಳಿಸಿದರೆ ನದಿಯಿಂದ ಎತ್ತುವ ನೀರು ಬಹಳ ಕಡಿಮೆಯಾಗುತ್ತದೆ.

ಕಸ ಸರಕಾದ ಬಗೆ

ಕಾಕಂಬಿಯಲ್ಲಿ ಉಳಿದ ಸಕ್ಕರೆ ಒಂದು ಕಾಲಕ್ಕೆ ನಷ್ಟದ ಖಾತೆಯಲ್ಲಿತ್ತು. 2003ರಲ್ಲಿ ಪೆಟ್ರೋಲಿಗೆ ಶೇ. 5ರ ಎಥೆನಾಲ್ ಬೆರಕೆ ಆರಂಭವಾಗಿ, 2025ರ ಹೊತ್ತಿಗೆ ಶೇ. 20 ಮುಟ್ಟಿದ್ದರಿಂದ ಆ ಲೆಕ್ಕ ಬದಲಾಯಿತು. ಕೊನೆಯ ಹಂತದವರೆಗೆ ಸಕ್ಕರೆ ತೆಗೆಯದೆ, ನಡುವಿನ ಹಂತದ ಸಕ್ಕರೆ ಹೆಚ್ಚಿರುವ ಕಾಕಂಬಿಯನ್ನೇ ಎಥೆನಾಲಿಗೆ ಕಳುಹಿಸುವುದು, ರಸದಿಂದಲೇ ಎಥೆನಾಲ್ ಮಾಡುವುದು, ಎರಡೂ ಸಾಧ್ಯವಾದವು. ಸಕ್ಕರೆ ಎಷ್ಟು, ಎಥೆನಾಲ್ ಎಷ್ಟು ಎಂಬುದನ್ನು ದಾಸ್ತಾನು, ಬೆಲೆ, ಸರ್ಕಾರದ ನೀತಿ ನೋಡಿ ನಿರ್ಧರಿಸುವುದು ಈಗ ಗಣಕದ ಮುಂದೆ ನಡೆಯುವ ಕೆಲಸ.

ಆದರೆ ಎಥೆನಾಲಿಗೆ ಅದರದೇ ಕಸವಿದೆ. ಕಾಕಂಬಿಯಿಂದ ತೆಗೆದ ಪ್ರತಿ ಲೀಟರ್ ಎಥೆನಾಲಿಗೆ ಹತ್ತು ಲೀಟರಿನ ಆಸುಪಾಸಿನಲ್ಲಿ ಕಡುಕಂದು ತ್ಯಾಜ್ಯದ್ರವ ಉಳಿಯುತ್ತದೆ. ನದಿಗೆ ಬಿಟ್ಟರೆ ನೀರಿನ ಆಮ್ಲಜನಕವನ್ನೇ ಹೀರುತ್ತದೆ. ಡಿಸ್ಟಿಲರಿಗಳು ಹನಿ ತ್ಯಾಜ್ಯವನ್ನೂ ಹೊರಬಿಡಬಾರದೆಂಬ ನಿಯಮ ಬಂದ ಮೇಲೆ ಅದನ್ನು ಬಹುಹಂತದಲ್ಲಿ ಗಟ್ಟಿಮಾಡಿ ಬಾಯ್ಲರಿನಲ್ಲಿ ಸುಡುತ್ತಾರೆ. ಬೂದಿಯಲ್ಲಿರುವ ಪೊಟ್ಯಾಷ್ ಗೊಬ್ಬರವಾಗುತ್ತದೆ. ಪ್ರೆಸ್‌ಮಡ್ ಕಾಂಪೋಸ್ಟಾಗಿ ಹೊಲ ಸೇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ತಂದ ಯೋಜನೆಯ ನಂತರ ಪ್ರೆಸ್‌ಮಡ್ಡಿನಿಂದ ಸಂಕುಚಿತ ಜೈವಿಕ ಅನಿಲ ಮಾಡುವ ಘಟಕಗಳೂ ಬಂದಿವೆ. ಕಬ್ಬು ಹೊಲದಿಂದ ಎತ್ತಿಕೊಂಡ ಪೊಟ್ಯಾಷ್ ಹೊಲಕ್ಕೆ ಮರಳುವುದು ರೈತನ ಗೊಬ್ಬರದ ಖರ್ಚಿನಲ್ಲೂ ಉಳಿತಾಯ.

ಅಳತೆ ಮತ್ತು ನಂಬಿಕೆ

ತಂತ್ರಜ್ಞಾನ ನಿಂತಿರುವುದು ಅಳತೆಯ ಮೇಲೆ. ಅಳತೆ ನಿಂತಿರುವುದು ಎರಡೂ ಕಡೆಯವರ ನಂಬಿಕೆಯ ಮೇಲೆ. ಕಾಟಾದಲ್ಲಿ ತೂಕ ಕಡಿಮೆ ತೋರಿಸುತ್ತಾರೆ, ರಿಕವರಿ ಕಡಿಮೆ ಬರೆಯುತ್ತಾರೆ ಎಂಬ ದೂರು ಕಬ್ಬಿನ ಸೀಮೆಯಲ್ಲಿ ಹಳೆಯದು. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಮಾಡಿದ ನ್ಯಾಯಯುತ ಮತ್ತು ಲಾಭದಾಯಕ ಬೆಲೆ, ಅಂದರೆ ಎಫ್‌ಆರ್‌ಪಿ ದರ ಶೇ. 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂಪಾಯಿ. ಅದಕ್ಕಿಂತ ಹೆಚ್ಚಿನ ಪ್ರತಿ 0.1 ಅಂಶಕ್ಕೆ 3.46 ರೂಪಾಯಿ ಹೆಚ್ಚುವರಿ. ಟನ್ನಿಗೆ ಲೆಕ್ಕ ಹಾಕಿದರೆ 0.1 ಅಂಶದ ಬೆಲೆ 34.60 ರೂಪಾಯಿ. 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ದರಕ್ಕಾಗಿ ಧರಣಿ ಕೂತದ್ದನ್ನು ನೋಡಿದರೆ ಪ್ರಯೋಗಾಲಯದ ಒಂದು ದಶಮಾಂಶ ರೈತನ ಮನೆಯ ಖರ್ಚಿಗೆ ಹೇಗೆ ಅಂಟಿದೆ ಎಂಬುದು ತಿಳಿಯುತ್ತದೆ.

ಇಲ್ಲಿ ಇನ್ನೊಂದು ತೊಡಕಿದೆ. ರಿಕವರಿಯ ಲೆಕ್ಕ ಇಡೀ ಕಾರ್ಖಾನೆಯ ಸರಾಸರಿ. ತಾಜಾ, ಮಾಗಿದ, ಸ್ವಚ್ಛ ಕಬ್ಬು ತಂದವನಿಗೂ ಮೂರು ದಿನ ಹಳೆಯ ಕಬ್ಬು ತಂದವನಿಗೂ ದರ ಒಂದೇ. ಹಾಗಿರುವಾಗ ಬೇಗ ತರಬೇಕೆಂಬ ಪ್ರೇರಣೆ ತೂಕದಿಂದ ಬರಬೇಕೇ ಹೊರತು ಸಕ್ಕರೆಯಿಂದ ಬರುವುದಿಲ್ಲ. ಗಾಡಿಯಿಂದ ಗಾಡಿಗೆ ಮಾದರಿ ತೆಗೆದು ಸಕ್ಕರೆ ಅಂಶವನ್ನು ಕ್ಷಣದಲ್ಲಿ ಅಳೆಯುವ ಅವಕೆಂಪು ಉಪಕರಣಗಳು ಇವೆ. ಅವುಗಳ ಅಂಕಿಯನ್ನು ರೈತ ನಂಬುವ ಹಾಗೆ ಮಾಡದೆ ದರಕ್ಕೆ ಜೋಡಿಸಿದರೆ ಹೊಸ ಜಗಳಕ್ಕೆ ದಾರಿಯಾಗುತ್ತದೆ. ಎಲ್ಲರಿಗೂ ಕಾಣುವ ತೂಕದ ಫಲಕ, ಮುದ್ರಿತ ಚೀಟಿ, ಅದೇ ಕ್ಷಣ ಮೊಬೈಲಿಗೆ ಬರುವ ಸಂದೇಶ, ಮೂರನೆಯವರ ತಪಾಸಣೆ, ಇವು ಮೊದಲು ಬರಬೇಕು. ಬೆಳಗಾವಿಯ ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆಯಂತಹ ತಾಂತ್ರಿಕ ಸಂಸ್ಥೆಗಳು ಇಂತಹ ತಪಾಸಣೆಗೂ ತರಬೇತಿಗೂ ಆಸರೆಯಾಗಬಲ್ಲವು. 1966ರ ಕಬ್ಬು ನಿಯಂತ್ರಣ ಆದೇಶದಂತೆ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ಶೇ. 15 ಬಡ್ಡಿ ಸೇರಬೇಕು. ತೂಕದ ಚೀಟಿಯಿಂದ ಬ್ಯಾಂಕ್ ಖಾತೆಯವರೆಗೆ ಕಡತ ಕೈಬದಲಾಗದೆ ಸಾಗಿದರೆ ಆ ಗಡುವು ಮೀರಲು ಕಾಗದಪತ್ರ ನೆಪವಾಗುವುದಿಲ್ಲ.

ಸುಧಾರಣೆಯ ಕ್ರಮ

ತಂತ್ರಜ್ಞಾನ ತರುವ ಕ್ರಮಕ್ಕೆ ನಾಲ್ಕು ಹೆಜ್ಜೆ. ಮೊದಲು ಕೆಲಸ ಈಗ ನಡೆಯುತ್ತಿರುವಂತೆಯೇ ಬರೆದಿಡುವುದು: ಯಾವ ಗಾಡಿ ಎಲ್ಲಿ ಎಷ್ಟು ಹೊತ್ತು ನಿಂತಿತು, ಯಾವ ಅಂಕಿ ಯಾರಿಗೆ ಯಾವಾಗ ತಲುಪಿತು. ಎರಡನೆಯದು, ಬೇಡದ ಹೆಜ್ಜೆಯನ್ನು ತೆಗೆಯುವುದು. ಮೂರನೆಯದು, ಉಳಿದ ಹೆಜ್ಜೆಗೆ ಯಂತ್ರ ಅಥವಾ ತಂತ್ರಾಂಶ ಜೋಡಿಸುವುದು. ಎರಡನೆಯದನ್ನು ಬಿಟ್ಟು ಮೂರನೆಯದಕ್ಕೆ ಹಾರಿದರೆ ಬೇಡದ ಕೆಲಸವೇ ವೇಗವಾಗಿ ನಡೆಯತೊಡಗುತ್ತದೆ. ನಾಲ್ಕನೆಯದು, ಬಂದ ಅಂಕಿಯನ್ನು ಸರಿಯಾಗಿ ಓದುವುದು. ಅಮೆರಿಕದ ವಾಲ್ಟರ್ ಶೂಹಾರ್ಟ್ 1924ರಲ್ಲಿ ರೂಪಿಸಿದ ನಿಯಂತ್ರಣ ನಕ್ಷೆ, ಸಹಜ ಏರಿಳಿತವನ್ನೂ ಕಾರಣವಿರುವ ಏರಿಳಿತವನ್ನೂ ಬೇರೆಮಾಡಿ ತೋರಿಸುತ್ತದೆ. ಬಗ್ಯಾಸಿನ ಸಕ್ಕರೆ ಅಂಶ ಒಂದು ಗಂಟೆ ತುಸು ಏರಿದೊಡನೆ ಗಿರಣಿಯ ಸೆಟ್ಟಿಂಗ್ ಬದಲಿಸಿದರೆ ಏರಿಳಿತ ಹೆಚ್ಚುತ್ತದೆ. ಮಿತಿ ದಾಟಿದಾಗ ಮಾತ್ರ ಕಾರಣ ಹುಡುಕಬೇಕು, ಮತ್ತು ಹುಡುಕುವ ಅಧಿಕಾರ ಪಾಳಿಯಲ್ಲಿರುವ ಕೆಲಸಗಾರನಿಗಿರಬೇಕು.

ಈ ಕ್ರಮಕ್ಕೆ ಉದ್ಯಮದ ಗಾತ್ರ ಮುಖ್ಯವಲ್ಲ. ಬೆಲ್ಲ ಮಾಡುವ ಆಲೆಮನೆಯ ಸಾಮಾನ್ಯ ಮೂರು ಉರುಳೆಯ ಗಾಣದಲ್ಲಿ ನೂರು ಕಿಲೋ ಕಬ್ಬಿಗೆ 60ರಿಂದ 65 ಕಿಲೋ ರಸ ಬರುತ್ತದೆ. ಉರುಳೆಗಳ ನಡುವಿನ ಅಂತರ ಸರಿಪಡಿಸುವುದು, ಸಿಪ್ಪೆಯನ್ನು ಚೆನ್ನಾಗಿ ಒಣಗಿಸಿ ಉರಿಸುವುದು, ಒಲೆಯ ಹೊಗೆಯ ಬಿಸಿಯನ್ನು ಎರಡನೆಯ ಕೊಪ್ಪರಿಗೆಗೆ ತಿರುಗಿಸುವುದು, ಪಾಕದ ಬಿಸಿಯನ್ನು ಥರ್ಮಾಮೀಟರಿನಿಂದ ನೋಡುವುದು, ಇವೆಲ್ಲ ಕಡಿಮೆ ಖರ್ಚಿನವು. ಬೈಲಹೊಂಗಲದ ಹತ್ತಿ ಜಿನ್ನಿಂಗ್‌ಗೆ ತೇವ ಮಾಪಕವೂ ಅದೇ ಬಗೆಯ ಕಡಿಮೆ ಖರ್ಚಿನ ಉಪಕರಣ. ಸಣ್ಣ ಉದ್ಯಮಕ್ಕೆ ಬೇಕಾದ ತಂತ್ರಾಂಶ ಬಹುತೇಕ ಮೊಬೈಲಿನಲ್ಲೇ ಇದೆ. ಇಲ್ಲದಿರುವುದು ದಿನವೂ ಅಂಕಿ ಬರೆದಿಡುವ ಅಭ್ಯಾಸ.

ದೊಡ್ಡ ಕಾರ್ಖಾನೆಗಾಗಲಿ ಗಾಣಕ್ಕಾಗಲಿ ಹೊಸ ಉಪಕರಣದ ಬೆಲೆಯನ್ನು ತೂಗುವ ಪ್ರಶ್ನೆಗಳು ಮೂರು: ಅದು ಯಾವ ನಷ್ಟವನ್ನು, ಎಷ್ಟು ತಗ್ಗಿಸುತ್ತದೆ, ತಗ್ಗಿದ ನಷ್ಟ ಇನ್ನೊಂದು ವಿಭಾಗದ ಹೆಗಲಿಗೆ ಹೋಗುತ್ತದೆಯೇ, ಉಳಿದದ್ದರಲ್ಲಿ ಕಬ್ಬು ಬೆಳೆದವನಿಗೂ ಕಡಿದವನಿಗೂ ಪಾಲು ಇದೆಯೇ. ಮೊದಲೆರಡಕ್ಕೆ ಎಂಜಿನಿಯರ್ ಉತ್ತರ ಹೇಳಬಲ್ಲ. ಮೂರನೆಯದಕ್ಕೆ ಆಡಳಿತವೇ ಉತ್ತರ ಕೊಡಬೇಕು. ಪಾಲು ಇಲ್ಲದ ಕಡೆ ಹೊಲ ಮತ್ತು ಗಾಡಿಯಿಂದ ಬರುವ ಅಂಕಿ ನಿಜವಾಗಿರುವುದಿಲ್ಲ. ಅಂಕಿ ನಿಜವಾಗಿರದಿದ್ದರೆ ಮೊದಲೆರಡು ಉತ್ತರಗಳೂ ತಪ್ಪುತ್ತವೆ.